ಕುಬೇರಪ್ಪನವರ ಮಣ್ಣಿನ ಮನೆಗೆ ಅತಿಥಿಗಳು ಬಂದರು

ಮಳೆಗಾಲ ಮುಗಿದು ತಿಂಗಳಾದರೂ ಗೋಡೆ ಒಣಗದಿದ್ದರೆ ಮನೆಯವರ ಮನಸ್ಸಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಧಾರವಾಡದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯಲ್ಲಿರುವ ಹಳ್ಳಿಯೊಂದರಲ್ಲಿ ಕುಬೇರಪ್ಪನವರ ಮನೆಗೆ ಬಂದದ್ದು ಅದೇ ಕಷ್ಟ. ಹಲವು ತಲೆಮಾರು ಕಂಡ ಮನೆ ಅದು. ಮೊಳಕ್ಕೂ ಮೀರಿದ ದಪ್ಪದ ಮಣ್ಣಿನ ಗೋಡೆಗಳು, ಕೆತ್ತನೆಯ ತೇಗದ ಕಂಬಗಳು, ಮೇಲೆ ಮಣ್ಣಿನ ಮಾಳಿಗೆ. ಅಂಥ ಮನೆಯ ಗೋಡೆಗಳ ಬುಡದಲ್ಲೀಗ ಬೂಷ್ಟು ಹತ್ತಿತ್ತು. ಬಣ್ಣ ಬೊಬ್ಬೆಯೆದ್ದು ಉದುರುತ್ತಿತ್ತು.

"ಯವ್ವಾ, ಇನ್ನ ಸಾಕು," ಎಂದ ಮಗ ರಾಜಶೇಖರ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ದಿನವೂ ಹೋಗಿಬರುವವನು ಅವನು. "ಸತ್ತೂರ ದವಾಖಾನ್ಯಾಗ ಡಾಕ್ಟರು ಏನಂದ್ರು? ಕೂಸಿನ ಕೆಮ್ಮು ಹೋಗಬೇಕಂದ್ರ ಹಸಿ ಗ್ವಾಡಿ ಖೋಲ್ಯಾಗ ಮಲಗಸಬ್ಯಾಡ್ರಿ ಅಂದಾರ. ಸೋಮಾರ ಹಳೇ ಕಟಗಿ ವ್ಯಾಪಾರಿ ಬಂದು ಕಂಬ ಬಿಚ್ಚಿ ಒಯ್ತಾನ. ಮನಿ ಕೆಡವಿ ಸ್ಲ್ಯಾಬ್ ಹಾಕೂಣು."

ಕುಬೇರಪ್ಪನವರ ಹೆಂಡತಿ ಈರವ್ವ ಕೂಸಿನ ಬೆನ್ನು ನೀವಿದಳು. ಪುಟ್ಟ ಮೊಮ್ಮಗಳು ಶಾಂಭವಿ ಕೆಮ್ಮಿದಾಗಲೆಲ್ಲ ಅಜ್ಜಿಯ ಜೀವ ಕೈಗೆ ಬರುತ್ತಿತ್ತು. ಕೂಸಿಗಿಂತ ಮನೆ ದೊಡ್ಡದೆಂದು ಯಾವ ಬಾಯಿಂದ ಹೇಳಿಯಾಳು? ಆದರೆ ಆ ಮನೆಯ ಹೊಸ್ತಿಲಲ್ಲಿ ಅವಳು ನಡೆಸಿಕೊಂಡು ಬಂದ ವ್ರತವೊಂದಿತ್ತು.

ಹತ್ತಿಯ ಗಾಡಿಗಳು ಈ ಬಾಗಿಲ ಮುಂದೆಯೇ ಹಾದು ಹುಬ್ಬಳ್ಳಿಯ ಪೇಟೆಗೆ ಹೋಗುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಮನೆಯೊಡತಿ ಮಧ್ಯಾಹ್ನ ತಾನು ಉಣ್ಣುವ ಮುನ್ನ ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹಸಿದವರನ್ನು ಕರೆಯಬೇಕು. ಬಂದವರಿಗೆ ಉಣಬಡಿಸಿ, ಆಮೇಲೆ ತಾನು ಉಣ್ಣಬೇಕು. ಮನೆಯವರಿಗೆ ಅದು ದಾಸೋಹ, ಶಿವನಿಗೇ ಸಲ್ಲುವ ಸೇವೆ. ದೊಡ್ಡ ರಸ್ತೆ ಊರಾಚೆ ಸರಿದ ಮೇಲೆ ಆ ಕರೆಗೆ ಓಗೊಡುವವರು ಇಲ್ಲವಾದರು. ಈರವ್ವ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ.

ಅಂದೂ ಸೆರಗು ಹೊದ್ದು ಬಾಗಿಲಿಗೆ ಬಂದಳು. "ಹಸದಾವ್ರು ಯಾರರ ಅದೀರೇನ್ರೀ?"

"ಯವ್ವಾ, ಓಣ್ಯಾಗಿನ ಹುಡುಗೂರು ನಗತಾವ," ಎಂದು ರಾಜಶೇಖರ ಒಳಗಿನಿಂದಲೇ ನಾಚಿಕೊಂಡ.

"ನಗಲಿ ಬಿಡು. ನಕ್ಕು ನಕ್ಕು ಹಸದ್ರ ಬರ್ತಾವ."

ಅಷ್ಟರಲ್ಲಿ ಓಣಿಯ ತಿರುವಿನಿಂದ ದನಿಯೊಂದು ಕೇಳಿತು: "ನಾ ಇದ್ದೇನ್ರಿ ಅವ್ವಾರ! ಭಾಳ ಹಸಿವಾಗೇದ್ರಿ!"

ಬಂದವಳು ಸಂಪದಾ, ಧಾರವಾಡದ ಮಾಳಮಡ್ಡಿಯವಳು. ಹಳೆಯ ಕಟ್ಟಡಗಳ ಜೀರ್ಣೋದ್ಧಾರವನ್ನು ಓದಿ ಅದನ್ನೇ ಕಸುಬಾಗಿ ಹಿಡಿದವಳು. ಊರ ಗುಡಿಯನ್ನು ನೋಡಲು ಬಂದಿದ್ದಳು. ಈರವ್ವನಿಗೆ ಕಣ್ಣು ತುಂಬಿ ಬಂತು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟು, ಎಣ್ಣೆಗಾಯಿ ಬಡಿಸಿ, ಬೇಡವೆಂದರೂ ಕೇಳದೆ ಇನ್ನೊಂದು ರೊಟ್ಟಿ ಹಾಕಿದಳು.

ಕೈತೊಳೆದು ಬಂದ ಸಂಪದಾ ಗೋಡೆಯ ಮುಂದೆ ನಿಂತಳು. "ಕಾಕಾರ, ಇದಕ್ಕ ಸಿಮೆಂಟ್ ಯಾವಾಗ ಬಡಿಸಿದ್ರಿ?"

"ರಾಜೂನ ಲಗ್ನದಾಗ್ರಿ," ಎಂದರು ಕುಬೇರಪ್ಪ. "ಬೀಗರು ಬರಾವ್ರು, ಮಣ್ಣಿನ ಗ್ವಾಡಿ ನೋಡಿ ಏನ್ ಅಂದಾರು ಅಂತ ಮನಿ ತುಂಬ ಬಡಿಸಿದೆ."

"ದನದ ಕೊಟ್ಟಿಗಿಗೂ ಬಡಿಸಿದ್ರೇನ್ರಿ?"

"ಏ, ಬೀಗರು ಕೊಟ್ಟಿಗಿ ನೋಡಾಕ ಬರ್ತಾರೇನ್ರಿ? ಅದನ್ನ ಹಂಗ ಬಿಟ್ಟೆ."

"ರಾಜಶೇಖರ ಅವರ, ಹೋಗಿ ಆ ಕೊಟ್ಟಿಗಿ ಗ್ವಾಡಿ ಮುಟ್ಟಿ ಬರ್ರಿ."

ರಾಜಶೇಖರ ಹೋಗಿ ಅಂಗೈಯಿಟ್ಟು ನೋಡಿದ. ಗೋಡೆ ಒಣಗಿತ್ತು, ತಂಪಾಗಿತ್ತು. ಮರಳಿ ಬಂದಾಗ ಸಂಪದಾ, ಈರವ್ವನ ಒಪ್ಪಿಗೆ ಪಡೆದು, ಪಡಸಾಲೆಯ ಮೂಲೆಯಲ್ಲಿ ಅಂಗೈಯಗಲದ ಸಿಮೆಂಟನ್ನು ಕೆತ್ತಿ ತೆಗೆಯುತ್ತಿದ್ದಳು. ಅದರ ಹಿಂದಿನ ಮಣ್ಣು ಆಗತಾನೆ ಕಲಸಿದ ಹಿಟ್ಟಿನಂತೆ ಒದ್ದೆಯಾಗಿತ್ತು.

"ಒಂದ ಮನಿ, ಒಂದ ಮಣ್ಣು, ಬಿದ್ದದ್ದೂ ಒಂದ ಮಳಿ," ಎಂದಳು ಸಂಪದಾ. "ಮಣ್ಣಿನ ಗ್ವಾಡಿ ನೆಲದ ಹಸಿ ಹೀರ್ಕೋತದ, ಗಾಳಿಗೆ ಬಿಡತದ. ನಮ್ಮಂಗ ಅದೂ ಉಸಿರಾಡತದ್ರಿ. ಮ್ಯಾಲ ಸಿಮೆಂಟ್ ಬಡದ್ರ ಹಸಿ ಹೊರಗ ಹೋಗಲಿಕ್ಕೆ ದಾರಿ ಇಲ್ಲ. ಬ್ಯಾಸಗ್ಯಾಗ ಪ್ಲಾಸ್ಟಿಕ್ ಅಂಗಿ ತೊಟ್ಟು ಕೂತ್ರ ಹೆಂಗ ಆಗತದ, ಹಂಗ ಆಗೇದ ಇದಕ್ಕ. ಮನಿ ಸತ್ತಿಲ್ರಿ, ಬೆವತದ."

"ಅಂದ್ರ ಗ್ವಾಡಿ ಕೆಡಿಸಿದಾವ ನಾನ ಅಂದಂಗಾತು," ಎಂದು ಕುಬೇರಪ್ಪ ಪೆಚ್ಚಾದರು.

"ಬೀಗರ ಮುಂದ ಮಿಂಚಾಕ ಹೋಗಿದ್ರೆಲ್ಲ, ಮಿಂಚ್ರಿ ಈಗ," ಎಂದು ಈರವ್ವ ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕದ್ದು.

ರಾಜಶೇಖರನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಗ್ವಾಡಿ ಒಣಗತೈತಿ ಅಂತ ಇಟ್ಕೊಳ್ರಿ. ವರ್ಷಾ ವರ್ಷಾ ಇಂಥಾ ಮನಿ ಜ್ವಾಕಿ ಮಾಡಾಕ ನನ್ನ ಪಗಾರ ಸಾಲಂಗಿಲ್ರಿ."

ಸಂಪದಾ ಹೇಳಿದಳು: "ಮನೀನ ಮನಿ ಸಾಕಲಿ. ಎರಡು ಖೋಲಿ ಅತಿಥಿಗಳಿಗೆ ತಗದಿಡ್ರಿ. ಇಂಥ ತಂಪ ಮನ್ಯಾಗ ಎರಡು ದಿವಸ ಇರಬೇಕಂತ ಪ್ಯಾಟಿ ಮಂದಿ ಹುಡುಕ್ಕೋತ ಬರ್ತಾರ. ಆ ಬಾಡಿಗಿ ಮನಿ ರಿಪೇರಿಗೆ ಆಗತದ."

ಈರವ್ವನ ನಗೆ ಅಲ್ಲಿಗೇ ನಿಂತಿತು. "ಬಾಯಾರ, ಈಗ ನೀವು ಉಂಡ್ರಿ. ನಾ ರೊಕ್ಕ ಕೇಳಿದ್ನೇನು? ಉಣ್ಣಾಕ ನೀಡಿ ಕೈ ಚಾಚಿದ್ರ, ನಾಳೆ ಆ ಹೊಸ್ತಲದಾಗ ನಿಂತು ಯಾವ ಬಾಯಿಲೆ ಕರೀಲಿ? ಗ್ವಾಡಿ ಉಳಿಸಾಕ ಹೋಗಿ ಮನಿತನಾನ ಕಳಕೋಬೇಕೇನು?"

ಸಂಪದಾ ಕೈಮುಗಿದಳು. "ಗ್ವಾಡಿ ಮಾತು ನಾ ಹೇಳಬಹುದ್ರಿ ಅವ್ವಾರ. ಹೊಸ್ತಲದ ಮಾತು ನೀವ ಹೇಳಬೇಕು."

ರಾಜಶೇಖರ ಒಂದು ಬೇಸಿಗೆಯ ಗಡುವು ಕೊಟ್ಟ. ಅಷ್ಟರಲ್ಲಿ ಗೋಡೆ ಒಣಗದಿದ್ದರೆ ಮನೆ ಕೆಡವುವುದೇ ಸರಿ. ಕಟ್ಟಿಗೆ ವ್ಯಾಪಾರಿಗೆ ಕಾಯಲು ಹೇಳಿದರು. ಕೂಸನ್ನು ಕೊಟ್ಟಿಗೆಗೆ ಹೊಂದಿಕೊಂಡ, ಸಿಮೆಂಟು ಬಡಿಸದ ಒಣ ಕೋಣೆಯಲ್ಲಿ ಮಲಗಿಸಿದರು.

ಬಿಸಿಲು ಬಲಿತಾಗ ಸಂಪದಾ ಹೇಳಿಕೊಟ್ಟಂತೆ ಸಿಮೆಂಟು ಕಿತ್ತರು. ಬೆತ್ತಲಾದ ಗೋಡೆಗಳನ್ನು ಗಾಳಿಗೆ ಬಿಟ್ಟು ಪೂರ್ತಿ ಒಣಗಿಸಿದರು. ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ನೀರು ಹೊರಹಾಕುವ ದೋಣಿಗಳನ್ನು ಸರಿಪಡಿಸಿ, ಸುತ್ತ ಕಾಲುವೆ ತೋಡಿದರು. ಆಮೇಲೆ ಅಂಗಳದಲ್ಲಿ ಮಣ್ಣು, ಹೊಟ್ಟು, ಸಗಣಿ ಸೇರಿಸಿ ನೆನೆಹಾಕಿದರು. ಸ್ವಸಹಾಯ ಸಂಘದ ಹೆಂಗಸರು ಸೀರೆ ಎತ್ತಿ ಕಟ್ಟಿ ಅದನ್ನು ತುಳಿಯಲು ಇಳಿದರು. ನೆರೆಮನೆಯ ಮಾಬೂಬಿ ಎಲ್ಲರಿಗಿಂತ ಮುಂದೆ.

"ಈರಕ್ಕಾ, ಹಗೂರಕ ತುಳಿ. ನೀ ಜಾರಿಬಿದ್ರ ನಿನ್ನ ಸೇರಿಸೇ ಗ್ವಾಡಿಗೆ ಮೆತ್ತತೇನಿ!"

"ಮೆತ್ತವಾ. ಆವಾಗರ ಈ ಮನಿ ಬಿಟ್ಟು ನನ್ನ ಯಾರೂ ಎಬ್ಬಸಂಗಿಲ್ಲ."

ತುಳಿಯುತ್ತ ಮಾಬೂಬಿ ನೆನೆಸಿಕೊಂಡಳು. "ನಮ್ಮಜ್ಜಿ ಹೇಳ್ತಿದ್ಲು. ಹತ್ತಿ ಗಾಡ್ಯಾವ್ರು ನಿಮ್ಮ ಪಡಸಾಲ್ಯಾಗ ರಾತ್ರಿ ವಸ್ತಿ ಇದ್ರ, ಮುಂಜಾನಿ ಹೋಗೂಮುಂದ ಒಂದು ಹಿಡಿ ಹತ್ತಿ ಇಟ್ಟು ಹೋಗತಿದ್ರಂತ. ದೇವ್ರ ದೀಪದ ಬತ್ತಿಗೆ ಅಂತ."

ಈರವ್ವನ ಕಾಲು ಕೆಸರಿನಲ್ಲಿ ನಿಂತುಬಿಟ್ಟಿತು. ಹೌದು, ಅತ್ತೆಯೂ ಆ ಮಾತು ಹೇಳಿದ್ದರು. ದೇವರ ಜಗಲಿಯ ದೀಪಕ್ಕೆ ಹತ್ತಿ ಕೊಂಡು ತಂದದ್ದೇ ಇರಲಿಲ್ಲವಂತೆ. "ಊಟಕ್ಕ ಏನ್ ಕೊಡತಿದ್ರು, ಮಾಬೂಬಿ?"

"ಊಟಕ್ಕ ಯಾರರ ಕೊಡತಾರೇನವಾ? ಅದು ನಿಮ್ಮ ದಾಸೋಹ. ಹತ್ತಿ ಇಟ್ಟದ್ದು ನೆರಳು ಕೊಟ್ಟ ಮನಿಗೆ."

ಆ ಸಂಜೆ ಈರವ್ವ ತನ್ನ ತೀರ್ಮಾನ ಹೇಳಿದಳು: "ವಸ್ತಿ ಇರಾವ್ರು ಖೋಲಿ ಬಾಡಿಗಿ ಕೊಡಲಿ. ಅದು ಗಾಡ್ಯಾವ್ರು ಮನಿಗೆ ಇಡತಿದ್ದ ಹತ್ತಿ ಇದ್ದಂಗ. ಆದ್ರ ಮಧ್ಯಾಹ್ನ ನಾ ಕರದಾಗ ಬಂದು ಉಣ್ಣಾವ್ರ ಕಡೆ, ಅವರು ಯಾರರ ಇರಲಿ, ಬಿಡಿಗಾಸು ಮುಟ್ಟಂಗಿಲ್ಲ."

"ನಿಮ್ಮವ್ವ ನ್ಯಾಯ ಹೇಳಿದ್ಲು. ಇನ್ನ ಅಪೀಲು ಇಲ್ಲ," ಎಂದು ಕುಬೇರಪ್ಪ ಮಗನತ್ತ ಕಣ್ಣು ಮಿಟುಕಿಸಿದರು.

ಮಣ್ಣಿನ ಮೆತ್ತಿಗೆಯಾಯಿತು, ಅದರ ಮೇಲೆ ಸುಣ್ಣವಾಯಿತು. ಮುಂಗಾರು ಬಂದು ವಾರಗಟ್ಟಲೆ ಸುರಿಯಿತು. ರಾಜಶೇಖರ ಕೆಲಸದಿಂದ ಬಂದವನೇ ದಿನವೂ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದ. ಗೋಡೆ ಒಣಗಿಯೇ ಇತ್ತು. ಕೂಸಿನ ಕೆಮ್ಮೂ ಇಳಿದಿತ್ತು. ಒಂದು ದಿನ ಅವನೇ ಕೂಸಿನ ಹಾಸಿಗೆಯನ್ನು ಹಳೆಯ ಕೋಣೆಗೆ ತಂದು ಹಾಸಿದ. ಗಡುವಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸಂಪದಾ ಹೇಳಿದಂತೆ ಶೌಚಾಲಯ, ಬಚ್ಚಲುಗಳನ್ನು ಮಣ್ಣಿನ ಗೋಡೆಗೆ ನೀರು ತಾಗದಂತೆ ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದರು. ಹಳೆಯ ವಿದ್ಯುತ್ ತಂತಿಗಳನ್ನು ಬದಲಿಸಿದರು. ಗ್ರಾಮ ಪಂಚಾಯಿತಿಯಲ್ಲೂ ಪ್ರವಾಸೋದ್ಯಮ ಇಲಾಖೆಯಲ್ಲೂ ವಿಚಾರಿಸಿ, ಬೇಕಾದ ಅನುಮತಿ ಪಡೆದರು. ಕಟ್ಟಿಗೆ ವ್ಯಾಪಾರಿ ಮತ್ತೆ ಬಂದಾಗ ಈರವ್ವ ಹೊಸ್ತಿಲಲ್ಲೇ ಇದ್ದಳು. "ಕಂಬ ಇಲ್ಲಪಾ, ರೊಟ್ಟಿ ಐತಿ. ಉಂಡು ಹೋಗು," ಎಂದಳು. ಅವನೂ ಉಂಡೇ ಹೋದ.

ಮೊದಲ ಅತಿಥಿಗಳು ಬಂದದ್ದು ಭಾನುವಾರ: ಬೆಳಗಾವಿಯ ಶಿಕ್ಷಕ ದಂಪತಿ, ಜೊತೆಗೆ ಅವರ ಮಗಳು. ಕಂಬದ ಕೆತ್ತನೆ ನೋಡುತ್ತ, ಪಡಸಾಲೆಯ ತಂಪಿನಲ್ಲಿ ಕೂಸನ್ನಾಡಿಸುತ್ತ ಅವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಈರವ್ವನಿಗೂ ತಿಳಿಯಲಿಲ್ಲ. ಸೂರ್ಯ ನೆತ್ತಿಯಿಂದ ಇಳಿದಾಗ ಅವಳಿಗೆ ತಟ್ಟನೆ ನೆನಪಾಯಿತು. ಇಂದು ಕರೆಯುವುದನ್ನೇ ಮರೆತಿದ್ದಳು!

ಹಿಟ್ಟಿನ ಕೈಯಲ್ಲೇ ಎದ್ದಳು. ಅಷ್ಟರಲ್ಲಿ ಬಾಗಿಲಿನಿಂದ, ತುಸು ಸಂಕೋಚದ, ಆದರೆ ಓಣಿಯ ಕೊನೆಯವರೆಗೂ ಕೇಳುವಂಥ ದನಿಯೊಂದು ಎದ್ದಿತು:

"ಹಸದಾವ್ರು ಯಾರರ ಅದೀರೇನ್ರೀ?"

ರಾಜಶೇಖರ ಕೂಸನ್ನೆತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದ.

ಪಡಸಾಲೆಯಿಂದ ನಗುವಿನ ದನಿಗಳು ಒಟ್ಟಿಗೇ ಬಂದವು: "ನಾವು ಅದೇವ್ರೀ!"

ಬಂಧುಗಳೆ, ತಾಯಂದಿರೆ, ನಿಮ್ಮೂರಿನಲ್ಲೂ ಹಿರಿಯರು ಕಟ್ಟಿದ ಮನೆಯೊಂದು ಹೀಗೆಯೇ ಬೆವರುತ್ತಿರಬಹುದು. ಗುದ್ದಲಿ ಎತ್ತುವ ಮುನ್ನ ಒಮ್ಮೆ ಅದರ ಗೋಡೆಯ ಮೇಲೆ ಅಂಗೈಯಿಡಿ. ತಿಳಿದವರನ್ನು ಕರೆದು ತೋರಿಸಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬೇಡಿ. ಮಣ್ಣು, ಸುಣ್ಣಗಳಿಂದಲೇ ಅದನ್ನು ಕಾಪಾಡಿ. ಒಂದೆರಡು ಕೋಣೆಗಳನ್ನು ಶುಚಿಯಾಗಿ, ಸುರಕ್ಷಿತವಾಗಿ, ಕಾನೂನಿನಂತೆ ಅತಿಥಿಗಳಿಗೆ ತೆರೆದಿಡಿ. ಮನೆ ಹೊಸದಾಗಲಿ, ಅದರ ಹೊಸ್ತಿಲಿನ ಧರ್ಮ ಹಳೆಯದೇ ಇರಲಿ. ಇಂದು ಮಧ್ಯಾಹ್ನ ಉಣ್ಣುವ ಮುನ್ನ ನೀವೂ ಒಮ್ಮೆ ಬಾಗಿಲಿಗೆ ಬಂದು ಕರೆದು ನೋಡಿ. ಓಗೊಡುವವರು ದಾರಿಯಲ್ಲಿರಬಹುದು.