ಅವರು ಮತ್ತು ಇವನು

ಜಯನಗರದ ಆ ವಾಚನಾಲಯಕ್ಕೆ ಹೆಂಗಸರು ಬರುತ್ತಿದ್ದುದು ಗಣೇಶನ ಹಬ್ಬದ ದಿನ ಮಾತ್ರ. ಆ ಶನಿವಾರ ಸಂಜೆ ಅಕ್ಕಯಮ್ಮ ಮಗಳು ಉಮಾಮಹೇಶ್ವರಿಯನ್ನು ಕರೆದುಕೊಂಡು ಒಳಗೆ ಬಂದಾಗ ಬೆಂಚುಗಳ ಮೇಲಿದ್ದ ಗಂಡಸರು ಅರ್ಧ ಎದ್ದರು, ಪೂರ್ತಿ ಏಳಬೇಕೋ ಬೇಡವೋ ತಿಳಿಯದೆ ಮತ್ತೆ ಕೂತರು.

ಅಕ್ಕಯಮ್ಮನ ಗಂಡ ಸೋಮಲಿಂಗಪ್ಪ ದೇಶದ ಫುಟ್‌ಬಾಲ್ ತಂಡದ ಮ್ಯಾನೇಜರು. ಆಟಗಾರರನ್ನು ಆರಿಸಿ, ಪಳಗಿಸಿ, ಕಣಕ್ಕಿಳಿಸುವ ಹೊಣೆ ಅವರದು. ತಂಡದ ಜೊತೆ ಹೊರದೇಶಕ್ಕೆ ಹೋಗಿದ್ದರು. ಮಾರನೆಯ ದಿನದ ಪಂದ್ಯ ಸೋತವರನ್ನು ಅಲ್ಲಿಂದಲೇ ಮನೆಗೆ ಕಳಿಸುವಂಥದ್ದು. ಎದುರಾಳಿಗಳು ಯುರೋಪಿನಿಂದ ಒಬ್ಬ ಬಿಳಿಯ ಮ್ಯಾನೇಜರನ್ನು ಕರೆಸಿಕೊಂಡಿದ್ದರು. ಈ ಸಲ ಸೋತರೆ ನಮ್ಮವರೂ ಸೋಮಲಿಂಗಪ್ಪನವರನ್ನು ಬಿಡಿಸಿ ಅಂಥವನೊಬ್ಬನನ್ನು ತರಿಸುತ್ತಾರೆಂದು ಸುದ್ದಿಯಿತ್ತು. ಅಲ್ಲಿಯವರೆಗೆ ಕ್ರಿಕೆಟ್ ಬಿಟ್ಟು ಬೇರೆ ಆಟದ ಹೆಸರೆತ್ತದ ಜಯನಗರ ಒಂದು ವಾರದಿಂದ ಆ ಇಬ್ಬರನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿತ್ತು.

ತೂಗುವವರಲ್ಲಿ ಮೊದಲಿಗರು ಜಯಸಿಂಹ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು, ಪತ್ರಿಕೆಗೆ ಬರೆಯುತ್ತಿದ್ದರು. ‘ಇಬ್ಬರು ಗುರುಗಳು’ ಎಂಬ ಅವರ ಲೇಖನ ಮರುದಿನ ಬೆಳಿಗ್ಗೆ ಅಚ್ಚಾಗಿ ಬರುವುದಿತ್ತು. ಪ್ರೆಸ್ಸಿಗೆ ಕೊಡುವ ಮುಂಚೆ ನಾಲ್ಕು ಜನರಿಗೆ ಓದಿ ಹೇಳುವುದು ಅವರ ಪದ್ಧತಿ. ಗಂಡನ ವಿಷಯ ಓದುತ್ತಾರೆಂದು ಕೇಳಿ ಹೊರಟ ತಾಯಿಗೆ ಹೋಗುವುದು ಬೇಡ ಎಂದು ಉಮಾ ಹೇಳಿದ್ದಳು. ಜಯಸಿಂಹರ ಬರವಣಿಗೆಯನ್ನು ಅವಳು ಬಲ್ಲಳು. ಅಪ್ಪನ ಕೆಲಸ ಯಾರ ಕೈಯಲ್ಲಿದೆಯೋ ಅವರೂ ಆ ಪತ್ರಿಕೆ ಓದುತ್ತಾರೆ, ಊರಿನವರೇ ಹೀಗನ್ನುತ್ತಾರೆಂದರೆ ಅವರಿಗೆ ಅಷ್ಟೇ ಸಾಕು ಎಂಬ ಹೆದರಿಕೆ ಅವಳಿಗೆ ಬೆಳಗಿನಿಂದ ಇತ್ತು.

ಜಯಸಿಂಹ ಕನ್ನಡಕ ಒರೆಸಿಕೊಂಡು, ಯಾರು ಯಾರೆಂಬುದನ್ನು ಕೊನೆಯ ಸಾಲಿನವರೆಗೂ ಹೇಳುವುದಿಲ್ಲ, ಊಹೆ ಮಾಡುತ್ತಿರಿ ಎಂದು ನಗುತ್ತ ಓದತೊಡಗಿದರು.

“ಒಬ್ಬರಿದ್ದಾರೆ. ಇನ್ನೊಬ್ಬನಿದ್ದಾನೆ.”

ಉಮಾಳ ಕಿವಿ ಆ ಮೊದಲ ಸಾಲಿಗೇ ಬಿಸಿಯಾಯಿತು.

“ಅವರು ಮಿತಭಾಷಿಗಳು, ಇವನಿಗೆ ಮಾತೇ ಬಾರದು. ಅಭ್ಯಾಸಕ್ಕೆ ತಡವಾಗಿ ಬಂದ ಹೆಸರಾಂತ ಆಟಗಾರನನ್ನು ಅವರು ಮನೆಗೆ ಕಳಿಸಿದರು, ಅದು ಶಿಸ್ತು. ಇವನೂ ಅಂಥವನೊಬ್ಬನನ್ನು ಕಳಿಸಿದ, ಅದು ಹಟಮಾರಿತನ. ಗೆದ್ದ ತಂಡವನ್ನೂ ಬದಲಿಸುವ ಎದೆ ಅವರದು. ಬದಲಿಸದೆ ಇರಲಾರದ ಚಪಲ ಇವನದು.”

ಮಾಡಿದ್ದು ಇಬ್ಬರೂ ಒಂದೇ ಕೆಲಸ. ಬೇರೆಯಾಗಿದ್ದದ್ದು ಕ್ರಿಯಾಪದದ ಬಾಲ. ಬೀದಿಯಲ್ಲಿ ಹಾಲಿನವನಿಗೂ ‘ಬನ್ನಿ’ ಎನ್ನುವ ಜಯಸಿಂಹ, ಪಕ್ಕದ ರಸ್ತೆಯಲ್ಲೇ ಇರುವ, ತಮಗಿಂತ ಹಿರಿಯರಾದ ಸೋಮಲಿಂಗಪ್ಪನವರನ್ನು ಸಾಲು ಸಾಲಿನಲ್ಲೂ ‘ಇವನು’ ಎನ್ನುತ್ತಿದ್ದರು. ಮೊದಲು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ತಪ್ಪಿಗೆ ಅಪ್ಪನಿಗೆ ಇನ್ನೆಷ್ಟು ದಿನ ಈ ಶಿಕ್ಷೆ ಎಂದು ಉಮಾ ಹಲ್ಲು ಕಚ್ಚಿಕೊಂಡು ಕೂತಳು.

ತಾಯಿ ಅಳುತ್ತಿರಬಹುದೆಂದು ಓರೆಗಣ್ಣಿನಲ್ಲಿ ನೋಡಿದಳು. ಅಕ್ಕಯಮ್ಮನ ಮುಖ ಅರಳಿತ್ತು. ಒಂದೊಂದು ಸಾಲಿಗೂ ಮೆಲ್ಲಗೆ ತಲೆದೂಗುತ್ತಿದ್ದಳು. ‘ಇವನು’ ಬಂದಾಗ ಮಾತ್ರ ಅಯ್ಯೋ ಪಾಪ ಎಂಬಂತೆ ಲೊಚಗುಟ್ಟುತ್ತಿದ್ದಳು.

ಉಮಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕಯಮ್ಮ ಮದುವೆಯಾದಂದಿನಿಂದ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಯಾರಾದರೂ ಕೇಳಿದರೆ ಮಗಳ ಕಡೆ ನೋಡಿ ಅವಳಿಂದ ಹೇಳಿಸುತ್ತಿದ್ದಳು. ಅವರು ಬಂದ್ರು, ಅವರಿಗೆ ಕಾಫಿ, ಅವರು ಮಲಗಿದಾರೆ ಸದ್ದು ಮಾಡಬೇಡ: ಆ ಮನೆಯಲ್ಲಿ ‘ಅವರು’ ಎಂದರೆ ಒಬ್ಬರೇ. ಜಯಸಿಂಹ ಓದಿದ ಒಂದೊಂದು ‘ಅವರು’ ಕೂಡ ನೆಟ್ಟಗೆ ಹೋಗಿ ಅವಳ ಗಂಡನನ್ನು ಮುಟ್ಟುತ್ತಿತ್ತು. ಯಾರೋ ಕಂಡುಕೇಳದ ಬಿಳಿಯನ ಮೇಲೆ ‘ಇವನು’ ಎಂಬ ಬೈಗುಳವೆಲ್ಲ ಬೀಳುತ್ತಿತ್ತು.

ಕೊನೆಯ ಹಾಳೆ ತಿರುವುವಷ್ಟರಲ್ಲಿ ಕಿಟಕಿಯಲ್ಲಿ ಬೆಳಕು ಮಸುಕಾಯಿತು. ಅಕ್ಕಯಮ್ಮ ಸೆರಗು ಹೊದ್ದು ಎದ್ದು ನಿಂತಳು.

“ದೀಪ ಹಚ್ಚೋ ಹೊತ್ತಾಯ್ತು, ಬರ್ತೀನಿ ಸ್ವಾಮಿ. ನಮ್ಮನೆಯವರನ್ನ ಇಷ್ಟು ಸರಿಯಾಗಿ ಯಾರೂ ತಿಳ್ಕೊಂಡಿರ್ಲಿಲ್ಲ. ಮನೇಲೂ ಹಂಗೇ, ಮಾತು ಕಮ್ಮಿ. ಆದ್ರೆ ಪಾಪ, ಆ ಇನ್ನೊಬ್ಬನ್ನ ಅಷ್ಟು ಅನ್ಬಾರ್ದಿತ್ತು. ಅವನೂ ದುಡಿಯೋಕೆ ತಾನೆ ಬಂದಿರೋದು.”

ಉಮಾ ಕೂತಲ್ಲೇ ಉಳಿದಳು. ಅಕ್ಕಯಮ್ಮನ ಚಪ್ಪಲಿಯ ಸದ್ದು ಗೇಟು ದಾಟಿತು. ಆಮೇಲೆ ವಾಚನಾಲಯದ ಕಾರ್ಯದರ್ಶಿ, ಮುದುಕ ಪರಮಶಿವಯ್ಯ, ನಶ್ಯದ ಡಬ್ಬಿ ಮುಚ್ಚಿದರು.

“ಹೂಂ ಜಯಸಿಂಹ, ಈಗ ಓದಿ ಆ ಕೊನೇ ಸಾಲು.”

“ಓದಿ ಸಾರ್,” ಎಂದಳು ಉಮಾ. “ನಾನಿನ್ನೂ ಇಲ್ಲೇ ಇದ್ದೀನಿ.” ದನಿ ನಡುಗಿತು. ಸಿಟ್ಟಿನಿಂದ ನಡುಗಿದ್ದನ್ನು ಅಳುವೆಂದು ತಿಳಿದು ಒಬ್ಬರು ನೀರಿನ ಲೋಟ ಮುಂದೆ ಚಾಚಿದರು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಜಯಸಿಂಹ ಹಾಳೆಗಳನ್ನು ಮಡಿಚಿದರು. ಏಕವಚನದಲ್ಲಿ ತಿರಸ್ಕಾರವಿಲ್ಲ, ಸಲುಗೆ ಇದೆ ಎಂದು ಪಾಠದ ದನಿಯಲ್ಲಿ ವಿವರಿಸಿದರು. ರಾಮ ಬಂದ, ಕೃಷ್ಣ ಬಂದ ಎನ್ನುತ್ತೇವೆಯೇ ಹೊರತು ಕೃಷ್ಣರು ಬಂದರು ಎನ್ನುತ್ತೇವೆಯೇ? ನಮ್ಮವನಾದ್ದರಿಂದಲೇ ‘ಇವನು’. ನಾಳೆ ಗೆಲ್ಲಲಿ, ಹಾರ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವವರಲ್ಲಿ ನಾನೇ ಮೊದಲು, ಆಗ ‘ಅವರು’ ಎಂದೇ ಬರೆಯುತ್ತೇನೆ ಎಂದರು.

“ದೇವರಿಗೆ ಏಕವಚನ ಹಾಕೋರು ಕೈ ಮುಗಿದು ಹಾಕ್ತಾರೆ ಸಾರ್,” ಎಂದಳು ಉಮಾ. “ಗೆದ್ದ ಮೇಲೆ ಕೊಡೋ ಮರ್ಯಾದೆ ಗೆಲುವಿಗೆ ಹೋಗತ್ತೆ, ಮನುಷ್ಯನಿಗಲ್ಲ. ನಮ್ಮಮ್ಮ ತಪ್ಪಾಗಿ ಕೇಳಿಸ್ಕೊಳ್ಲಿಲ್ಲ. ನೀವು ತಪ್ಪಾಗಿ ಬರೆದಿದ್ದೀರಿ.”

ಜಯಸಿಂಹ ಪೆನ್ನು ತೆಗೆದು ಕೊನೆಯ ಸಾಲಿನ ಮೇಲೆ ಗೀಚಿ, ಹಾಳೆಯನ್ನು ಅವಳ ಕಡೆ ತಳ್ಳಿದರು. ಎರಡು ಹೆಸರುಗಳು ಅದಲುಬದಲಾಗಿದ್ದವು. ಈಗ ‘ಅವರು’ ಸೋಮಲಿಂಗಪ್ಪ. ಹಟಮಾರಿ, ಚಪಲದ ‘ಇವನು’ ಆ ಬಿಳಿಯ.

ಉಮಾ ಆ ಹಾಳೆಯನ್ನೇ ನೋಡುತ್ತ ಕೂತಳು. ಇಷ್ಟು ಸುಲಭವಾಗಿ ಅದಲುಬದಲಾಗುವುದನ್ನು ಬೆಳಗಾಗುವುದರೊಳಗೆ ಸಾವಿರ ಮನೆಗೆ ಹಂಚಲು ಹೊರಟಿದ್ದರಲ್ಲ! ತಾಯಿಯ ಲೊಚಗುಟ್ಟುವ ಸದ್ದು ಕಿವಿಯಲ್ಲಿ ಇನ್ನೂ ಇತ್ತು.

“ಇದೂ ಬೇಡ ಸಾರ್. ಆ ಇನ್ನೊಬ್ಬರ ಮನೇಲೂ ಒಬ್ಬಳು ಹೆಂಡತಿ ಕೂತು ಕೇಳ್ತಿರ್ತಾಳೆ. ಪೆನ್ನು ಕೊಡಿ.”

ಅವರು ಕೊಟ್ಟರು. ಪ್ರೆಸ್ಸಿನ ಹೊತ್ತು ಮೀರುತ್ತದೆ ಎಂದು ಗೊಣಗುತ್ತಲೇ ಕೊಟ್ಟರು. ಉಮಾ ಬೆಂಚಿನ ತುದಿಯಲ್ಲಿ ಕೂತು ಹೆಸರುಗಳನ್ನು ಅವುಗಳ ಜಾಗಕ್ಕೆ ಮರಳಿಸಿದಳು. ಆಮೇಲೆ ‘ಇವನು’ ಕಂಡಲ್ಲೆಲ್ಲ ‘ಇವರು’ ಎಂದು ತಿದ್ದಿದಳು. ಅಷ್ಟಕ್ಕೇ ಮುಗಿಯಲಿಲ್ಲ. ‘ಕಳಿಸಿದ’ ಹೋಗಿ ‘ಕಳಿಸಿದರು’ ಆಗಬೇಕಿತ್ತು. ‘ಕಳಿಸಿದರು’ ಎಂದಾದ ಮೇಲೆ ಪಕ್ಕದ ‘ಹಟಮಾರಿತನ’ ಅಲ್ಲಿ ನಿಲ್ಲದೆ ತಾನಾಗಿ ಬಿದ್ದುಹೋಯಿತು. ‘ಚಪಲ’ವೂ ನಿಲ್ಲಲಿಲ್ಲ.

ಜಯಸಿಂಹ ಅವಳ ಭುಜದ ಮೇಲಿಂದ ಬಗ್ಗಿ ಓದಿದರು. “ಏನಮ್ಮ ಇದು, ಇಬ್ಬರಿಗೂ ವ್ಯತ್ಯಾಸವೇ ಉಳೀಲಿಲ್ಲವಲ್ಲ.”

“ಇರ್ಲೇ ಇಲ್ಲ ಸಾರ್.”

ಪರಮಶಿವಯ್ಯ ಎದ್ದು ದೀಪದ ಸ್ವಿಚ್ಚು ಹಾಕಿದರು. ಜಯಸಿಂಹ ಹಾಳೆಗಳನ್ನು ಜೋಡಿಸಿ ಜೇಬಿಗೆ ಇಳಿಸಿಕೊಂಡು, ಬಾಗಿಲ ಬಳಿ ಸೈಕಲ್ಲಿನ ಮೇಲೆ ಕೈಯಿಟ್ಟು ಹಿಂತಿರುಗಿದರು. ಅವರ ಮುಖದಲ್ಲಿ ಸೋತ ಸಿಡುಕು ಇನ್ನೂ ಇತ್ತು.

“ನಾಳೆ ಸೋತ್ರೆ? ಆಗೇನು ಬರೀಲಿ, ನೀನೇ ಹೇಳು.”

ಉಮಾ ಪೆನ್ನಿನ ಮುಚ್ಚಳ ತಿರುಗಿಸಿ ಅವರ ಕೈಗೆ ಕೊಟ್ಟಳು.

“ಸೋತರು ಅಂತ ಬರೀರಿ ಸಾರ್. ಸೋತ ಅಂತ ಬರೀಬೇಡಿ.”