ಕೂಗು ನಿಂತರೆ

ಕಲ್ಲು ಸಾಗಿಸುವ ಕೆಲಸದಲ್ಲಿ ದುಡಿಯುವುದು ಕೈ, ಬದುಕಿಸುವುದು ಬಾಯಿ. ಇದು ಮೇಸ್ತ್ರಿಯ ಮಾತು. ಅವನ ಹೆಂಡತಿಯ ಬಾಯಿ ಊರಿಗೆಲ್ಲ ಗೊತ್ತಿದ್ದುದರಿಂದ ಜನ ಇದನ್ನು ತಮಾಷೆ ಎಂದೇ ತಿಳಿದಿದ್ದರು. ತಮಾಷೆಯೇನೂ ಅಲ್ಲ. ಕಂಡವರ ಮನೆಯಂಗಳಕ್ಕೆ ಹಾಸುಗಲ್ಲು, ಮೆಟ್ಟಿಲುಗಲ್ಲು, ಕೂರುವ ಕಲ್ಲು ಹಾಕಿಕೊಡುವುದು ಆ ಗಂಡಹೆಂಡಿರ ಕಸುಬು. ಅವನು ಹಗ್ಗ ಹಿಡಿಯುತ್ತಿದ್ದ, ಅವಳು ಕೂಗುತ್ತಿದ್ದಳು. ಹಾಗಾಗಿ ಅವಳಿಗೆ ಕೂಗಮ್ಮ ಎಂದೇ ಹೆಸರು ಬಿತ್ತು. ಹೆತ್ತವರಿಟ್ಟ ಹೆಸರು ಏನೆಂದು ಕೇಳಿದರೆ ಈಗ ಅವಳೇ ಒಂದು ಗಳಿಗೆ ಯೋಚಿಸಬೇಕು.

ಕೂಗು ಎಂದರೆ ದೊಡ್ಡ ಹಾಡೇನಲ್ಲ. "ಬರಲಿ, ಬರಲಿ, ಬರಲಿ", ಅಷ್ಟೇ. ಇಳಿಜಾರಿನಲ್ಲಿ ಕಲ್ಲು ಇಳಿಸುವಾಗ ಹಗ್ಗ ಹಿಡಿದವನಿಗೆ ಎಷ್ಟೋ ಸಲ ಕಲ್ಲೇ ಕಾಣುವುದಿಲ್ಲ. ಕಾಣುವವರು ಕೂಗುತ್ತಿರುವಷ್ಟು ಹೊತ್ತು ಅವನು ಹಗ್ಗವನ್ನು ಚೂರುಚೂರೇ ಸಡಿಲಿಸುತ್ತಾನೆ. ಕೂಗು ನಿಂತರೆ ಕೈ ನಿಲ್ಲಬೇಕು. "ನಿಲ್ಲಿಸು" ಎಂಬ ಮಾತೇ ಅವರ ಕೆಲಸದಲ್ಲಿ ಇರಲಿಲ್ಲ. ಅಪಾಯ ಕಂಡರೆ ಹಾಗಂತ ಕಿರುಚಿದರೆ ಸಾಲದೇ ಎಂದು ಮದುವೆಯಾದ ಹೊಸದರಲ್ಲಿ ಅವಳು ಕೇಳಿದ್ದಳು.

"ಕಿರುಚೋಕೆ ಬಾಯಿ ಬರಬೇಕಲ್ಲ" ಎಂದಿದ್ದ ಮೇಸ್ತ್ರಿ. "ಗಾಬರಿ ಆದಾಗ ಮೊದಲು ಒಣಗೋದೇ ನಾಲಿಗೆ. ನೀನು ಸುಮ್ಮನಾಗು, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಾತು ಬೆಳ್ಳಿ ಮೌನ ಬಂಗಾರ ಎಂದು ಹಜಾರದಲ್ಲಿ ತೂಗುಹಾಕಿಕೊಂಡವರ ಮನೆಯಲ್ಲೂ ಅವಳು ಬೆಳಗಿಂದ ಸಂಜೆಯವರೆಗೆ ಗಂಟಲು ಹರಿದುಕೊಂಡಿದ್ದುಂಟು. ಅಷ್ಟು ವರ್ಷಗಳಲ್ಲಿ ಯಾರದೂ ಒಂದು ಕಿರುಬೆರಳು ಜಜ್ಜಲಿಲ್ಲ. ಮೇಸ್ತ್ರಿ ಕಡೆಗೆ ಸತ್ತಿದ್ದು ಆಸ್ಪತ್ರೆಯ ಮಂಚದ ಮೇಲೆ, ಎದೆಯಲ್ಲಿ ನೀರು ತುಂಬಿಕೊಂಡು. ಜೀವಮಾನವೆಲ್ಲ ಕಲ್ಲಿನ ಬಗ್ಗೆ ಹುಷಾರಾಗಿದ್ದವನನ್ನು ನೀರು ತೆಗೆದುಕೊಂಡು ಹೋಯಿತು.

ಆಮೇಲೆ ಕೂಗಮ್ಮ ಕೂಗಲಿಲ್ಲ. ಕೂಗುವುದಿರಲಿ, ಮಾತೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಹಾಲಿನವನಿಗೆ "ಅರ್ಧ" ಅನ್ನುವುದು, ಅಂಗಡಿಯಲ್ಲಿ "ಸಾಕು" ಅನ್ನುವುದು. ಕೆಲವು ದಿನ ಅಷ್ಟರಲ್ಲೇ ದಿನ ಮುಗಿಯುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ಅವನ ಕೈಗವಸು ನೇತುಬಿದ್ದಿತ್ತು, ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಅದನ್ನು ತೆಗೆಯುವಂತಿಲ್ಲ, ನೋಡುವಂತಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೂ ರಿಪೇರಿ ಮಾಡಿಸಲಿಲ್ಲ. ಮನೆಯಲ್ಲಿ ಅದೊಂದಾದರೂ ಸದ್ದು ಮಾಡಲಿ ಎಂದು ಬಿಟ್ಟಿದ್ದಳು.

ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದು ಬರೀ ದುಃಖಕ್ಕಲ್ಲ. ಆಸ್ಪತ್ರೆಯ ಆ ಕೊನೆಯ ದಿನ ಮೇಸ್ತ್ರಿ ಒಂದೊಂದು ಉಸಿರಿಗೂ ಹಗ್ಗ ಜಗ್ಗಿದಂತೆ ಒದ್ದಾಡುತ್ತಿದ್ದ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು, ಕಿವಿಯ ಹತ್ತಿರ ಬಾಗಿ, ಮೆಲ್ಲಗೆ "ಬರಲಿ, ಬರಲಿ" ಎನ್ನುತ್ತಿದ್ದಳು. ಮೊದಲು ತಮಾಷೆಗೆ. ಅವನ ತುಟಿ ಸ್ವಲ್ಪ ಸೊಟ್ಟಗಾಯಿತು, ಅದು ನಗೆಯೇ. ಉಸಿರು ಅದರ ಜೊತೆಗೇ ಬರತೊಡಗಿದ ಹಾಗೆ ಕಂಡಿತು. ಆಗ ಡಾಕ್ಟರು ಎದೆ ಪರೀಕ್ಷಿಸಲು ಬಂದರು. ನರ್ಸು "ಒಂದು ನಿಮಿಷ ಸುಮ್ಮನಿರಿಮ್ಮ" ಎಂದಳು. ಕೂಗಮ್ಮ ಸುಮ್ಮನಾದಳು. ಮೇಸ್ತ್ರಿ ನಿಂತುಬಿಟ್ಟ.

ಬೇರೆ ಯಾರ ಹೆಂಡತಿಯೂ ಇದನ್ನು ಹೀಗೆ ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ಅವಳಿಗೆ ಮಾತ್ರ ಬೇರೆ ಅರ್ಥವೇ ಹೊಳೆಯಲಿಲ್ಲ. ತಾನು ಕೂಗು ನಿಲ್ಲಿಸಿದೆ, ಅವನು ಎಂದಿನಂತೆ ಹೇಳಿದ ಮಾತು ಕೇಳಿದ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ "ಹುಚ್ಚಿ" ಅನ್ನುತ್ತಾರೆ, ಸಮಾಧಾನ ಮಾಡುತ್ತಾರೆ. ಎರಡೂ ಅವಳಿಗೆ ಬೇಕಿರಲಿಲ್ಲ.

ಇನ್ನು ಮನೆಮುಂದಿನ ಕಲ್ಲಿನ ವಿಷಯ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ಊರಿಗೆಲ್ಲ ಕಲ್ಲುಬೆಂಚು ಹಾಕಿಕೊಟ್ಟ ಮೇಸ್ತ್ರಿಯ ಮನೆಯಲ್ಲಿ ಕೂರಲು ಒಂದು ಕಲ್ಲಿರಲಿಲ್ಲ. ಹಾಕಬೇಕೆಂದು ಆಸೆಪಟ್ಟು ಅವನೇ ಒಂದು ಬೂದುಬಣ್ಣದ ಚಪ್ಪಡಿಯನ್ನು ಆರಿಸಿ ತಂದಿದ್ದ. ಇಬ್ಬರು ಕೂತು ನಡುವೆ ಟೀ ಲೋಟ ಇಡುವಷ್ಟು ಉದ್ದ. ಹಿತ್ತಲಿನ ಇಳಿಜಾರು ಒಂದು ಪುಟ್ಟ ದಿಬ್ಬವಾಗಿ ಮುಗಿದು ನೆಲ ತಗ್ಗುವಲ್ಲಿ, ಮರದ ಕೆಳಗೆ, ಅದಕ್ಕಾಗಿ ಎರಡು ಕಾಲುಗಲ್ಲು ಹೂಳಿದ್ದ. ಅವುಗಳ ನೆತ್ತಿ ಸರಿಯಾಗಿ ದಿಬ್ಬದ ಅಂಚಿಗೆ ಸಮ. ಹಲಗೆಯ ಮೇಲೆ ಜಾರಿಸಿಕೊಂಡು ಬಂದರೆ ಚಪ್ಪಡಿ ತಾನಾಗಿ ಹೋಗಿ ಕಾಲುಗಳ ಮೇಲೆ ಕೂರಬೇಕು. "ಎತ್ತೋನು ಕೂಲಿ, ಜಾರಿಸೋನು ಮೇಸ್ತ್ರಿ" ಎಂದು ಕೊಚ್ಚಿಕೊಂಡಿದ್ದ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಹೋಗಿಬಿಟ್ಟ. ಚಪ್ಪಡಿ ಗೇಟಿನ ಪಕ್ಕ ಗೋಡೆಗೊರಗಿ ಉಳಿಯಿತು.

ಒಂದು ಭಾನುವಾರ ಮೈದುನ ಬಂದ. ಅಣ್ಣನ ಜೊತೆಗೇ ಕೆಲಸ ಕಲಿತವನು, ಈಗ ಬೇರೆ ತಂಡದಲ್ಲಿದ್ದ. ಟೀ ಕುಡಿದು, ಲೋಟ ತಿರುಗಿಸುತ್ತಾ ವಿಷಯ ತೆಗೆದ.

"ಅತ್ತಿಗೆ, ಆ ಚಪ್ಪಡಿ ಸುಮ್ನೆ ಬಿದ್ದಿದೆ. ಒಬ್ರು ಕೇಳ್ತಿದ್ದಾರೆ. ತಗೊಂಡು ಹೋಗ್ಲಾ?"

"ಅದು ಹಿತ್ತಲಿಗೆ ಹೋಗತ್ತೆ" ಎಂದಳು ಕೂಗಮ್ಮ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಮೈದುನ ಎದ್ದು ಹೋಗಿ ಮನೆಯ ಪಕ್ಕದ ಓಣಿ ನೋಡಿಕೊಂಡು ಬಂದ. "ಟ್ರಾಲಿ ಹಿಡಿಯಲ್ಲ. ಕೊಳವೆ ಮೇಲೆ ಉರುಳಿಸಿ ಮೂಲೆ ತನಕ ತರಬಹುದು. ಅಲ್ಲಿಂದ ಕೆಳಗೆ ಹಗ್ಗದಲ್ಲೇ ಬಿಡಬೇಕು. ನಾನು ಓಣಿಯಲ್ಲಿರ್ತೀನಿ, ಗೋಡೆ ಅಡ್ಡ. ನನಗೇನೂ ಕಾಣಲ್ಲ." ಅವಳ ಮುಖ ನೋಡಿ ಹೇಳಿದ: "ನೀವು ಕೂಗೋದಾದ್ರೆ ಮಾಡೋಣ. ಇಲ್ಲಾಂದ್ರೆ ಬೇಡ ಅತ್ತಿಗೆ. ಕಾಲುಗಲ್ಲು ತಪ್ಪಿ ಅಂಚಿಂದ ಬಿದ್ರೆ ಎರಡು ಹೋಳು."

ಅವಳು ಕೊಳವೆ ತುಂಡುಗಳನ್ನು ತರಲು ಶೆಡ್ಡಿಗೆ ಹೋದಳು.

ಓಣಿಯ ಕೆಲಸ ಸಲೀಸಾಗಿ ನಡೆಯಿತು. ನೆಲಕ್ಕೆ ಹಲಗೆ ಹಾಸಿ, ಮೇಲೆ ಕೊಳವೆಗಳನ್ನಿಟ್ಟು, ಚಪ್ಪಡಿ ಮಲಗಿಸಿ, ಮೈದುನ ಹಿಂದಿನಿಂದ ಹಾರೆಯಲ್ಲಿ ಮೀಟಿದ. ಹಿಂದೆ ಬಿಡುಗಡೆಯಾದ ಕೊಳವೆಯನ್ನು ಅವಳು ಎತ್ತಿ ತಂದು ಮುಂದೆ ಇಡುತ್ತಿದ್ದಳು. ಅಂಗೈ ಚಾಚಿ ಪಕ್ಕದಿಂದ ತಳ್ಳುವುದು, ಕೊಳವೆಯ ಬಾಯಿಗೆ ಬೆರಳು ಹಾಕದಿರುವುದು, ಕಲ್ಲು ಪೂರ್ತಿ ನಿಂತ ಮೇಲೇ ಬಗ್ಗುವುದು, ಯಾವುದನ್ನೂ ಮೈ ಮರೆತಿರಲಿಲ್ಲ. ಇಲ್ಲಿ ಇಬ್ಬರಿಗೂ ಕಲ್ಲು ಕಾಣುತ್ತಿತ್ತು, ಕೂಗಿನ ಅಗತ್ಯವಿರಲಿಲ್ಲ. ಒಂದು ಸಲ ಅವಳು ಅವಸರದಲ್ಲಿ ಮುಂದೆ ಬಂದಾಗ "ಆತುರಗಾರನಿಗೆ ಬುದ್ಧಿ ಮಟ್ಟ, ಅಣ್ಣ ಇದ್ದಿದ್ರೆ ಹೇಳ್ತಿದ್ದ" ಎಂದ ಮೈದುನ. ಅವಳಿಗೆ ನಗು ಬಂತು. ಬಂದದ್ದೇ ತಡ, ಮುಖ ತಿರುಗಿಸಿಕೊಂಡು ಮುಂದಿನ ಕೊಳವೆ ಎತ್ತಿದಳು.

ಮೂಲೆಯಲ್ಲಿ ಕೊಳವೆಗಳನ್ನೆಲ್ಲ ತೆಗೆದರು. ಇಳಿಜಾರಿನಲ್ಲಿ ಕೊಳವೆ ಇಟ್ಟರೆ ಕಲ್ಲು ಲಗಾಮಿಲ್ಲದ ಕುದುರೆ. ಕಾಲುಗಲ್ಲುಗಳ ಮೇಲೆ ಹಾಯುವಂತೆ ಕೆಳತನಕ ಹಾಸಿದ ಬರೀ ಹಲಗೆಯ ಮೇಲೆ ಚಪ್ಪಡಿ ಇಟ್ಟು, ಹಗ್ಗ ಬಿಗಿದು, ಮೂಲೆಯ ಕಂಬಕ್ಕೆ ಎರಡು ಸುತ್ತು ಹಾಕಿ, ಹಗ್ಗದ ತುದಿ ಹಿಡಿದು ಮೈದುನ ಓಣಿಯೊಳಗೆ ಸರಿದ. ಗೋಡೆ ಅವನನ್ನು ನುಂಗಿತು. ಅವಳು ಕಲ್ಲಿನ ಹಾದಿ ಬಿಟ್ಟು ಪಕ್ಕಕ್ಕೆ ಬಂದು ನಿಂತಳು. ಈಗ ಕಾಣುತ್ತಿದ್ದುದು ಕಲ್ಲು, ಬಿಗಿದ ಹಗ್ಗ, ಕೆಳಗೆ ಎರಡು ಖಾಲಿ ಕಾಲುಗಲ್ಲು. ಮನುಷ್ಯರು ಯಾರೂ ಇರಲಿಲ್ಲ.

ಬಾಯಿ ತೆರೆದಳು. ಸದ್ದು ಬರಲಿಲ್ಲ. ಗೋಡೆಯಾಚೆಯಿಂದಲೂ ಸದ್ದಿಲ್ಲ, ಅವನು ಕಾಯುತ್ತಿದ್ದ. ಎರಡನೆಯ ಸಲಕ್ಕೆ ತುಕ್ಕು ಹಿಡಿದ ಚಿಲಕ ಸರಿದಂತೆ ಒಂದು "ಬರಲಿ" ಬಂತು.

ಕಲ್ಲು ಕದಲಿತು.

"ಬರಲಿ, ಬರಲಿ, ಬರಲಿ." ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ಕೂಗಿದಳು. ಚಪ್ಪಡಿ ಗುರುಗುಡುತ್ತಾ, ಮೊಂಡುತನ ಮಾಡುತ್ತಾ ಇಳಿಯಿತು. ಅರ್ಧ ಹಾದಿ ಮುಗಿದಿತ್ತು. ಅದೇ ಸ್ವರ, ಅದೇ ಎಳೆತ. ಇದ್ದಕ್ಕಿದ್ದಂತೆ ಕಲ್ಲಿನ ಬದಲು ಮಂಚ ಕಂಡಿತು, ಬಿಳಿ ಹೊದಿಕೆ, ಸೊಟ್ಟಗಾದ ತುಟಿ. ಕೂಗು ಅಲ್ಲೇ ತುಂಡಾಯಿತು.

ಅವಳು ಕಣ್ಣು ಮುಚ್ಚಿಕೊಂಡಳು. ಈಗ ಬೀಳುತ್ತದೆ, ಮತ್ತೆ ತನ್ನಿಂದಲೇ ಹೋಯಿತು ಎಂದುಕೊಂಡಳು. ಮೈಯೆಲ್ಲ ಕಿವಿಯಾಗಿ ಆ ಸದ್ದಿಗೆ ಕಾದಳು.

ಸದ್ದಾಗಲಿಲ್ಲ. ಕಣ್ಣು ಬಿಟ್ಟರೆ ಚಪ್ಪಡಿ ಇಳಿಜಾರಿನ ನಟ್ಟನಡುವೆ ನಿಂತಿತ್ತು. ಹಗ್ಗ ತಂತಿಯಂತೆ ಬಿಗಿದಿತ್ತು. ಕಾಣದ ಕಡೆಯಲ್ಲಿ ಒಬ್ಬನು ಏನಾಯಿತೆಂದು ಕೇಳದೆ, ಇಣುಕಿ ನೋಡದೆ, ಅಷ್ಟೂ ಭಾರವನ್ನು ಹಿಡಿದುಕೊಂಡು ನಿಂತಿದ್ದ.

ಅವಳು ಆ ಹಗ್ಗವನ್ನೇ ನೋಡಿದಳು. ಇಷ್ಟು ವರ್ಷ ಕಲ್ಲಿನ ಕಡೆ ನಿಂತು ಕೂಗಿದವಳಿಗೆ ಹಗ್ಗದ ಕಡೆಯ ಲೆಕ್ಕ ಹೊಳೆದಿರಲಿಲ್ಲ. ಕೂಗು ನಿಂತರೆ ಆ ಕಡೆಯವನು ಬಿಡುವುದಿಲ್ಲ, ಹಿಡಿಯುತ್ತಾನೆ. ಕೈ ಹರಿದರೂ ಹಿಡಿಯುತ್ತಾನೆ. ಅದೇ ನಿಯಮ, ಅದನ್ನು ಮಾಡಿದವನೇ ಮೇಸ್ತ್ರಿ. ಆಸ್ಪತ್ರೆಯಲ್ಲಿ ಆ ದಿನ ಅವನಿಗೆ ಅವಳ ಮೌನ ಕೇಳಿದ್ದರೆ ಜೀವ ಹಿಡಿದುಕೊಳ್ಳಬೇಕಿತ್ತು. ಅವನು ಬಿಟ್ಟ. ಹಾಗಾದರೆ ಅವನು ಕೇಳುತ್ತಲೇ ಇರಲಿಲ್ಲ. ಕೈಯಲ್ಲಿ ಶಕ್ತಿ ಮುಗಿದಿತ್ತು, ಹೋದ. ಅವಳು ಕೂಗಿದ್ದರೂ ಹೋಗುತ್ತಿದ್ದ.

ಹಗುರಾಗಬೇಕಿತ್ತು, ಆಯಿತು ಕೂಡ. ಆದರೆ ಆ ತಪ್ಪು ತನ್ನದೆಂದು ಹೊತ್ತಷ್ಟು ದಿನ ಅವನ ಜೊತೆ ಒಂದು ಕೆಲಸ ಬಾಕಿ ಇದ್ದಂತಿತ್ತು. ಈಗ ಅದೂ ಇಲ್ಲ.

ಮುಖ ಒರೆಸಿಕೊಂಡು ಮತ್ತೆ ಕೂಗಿದಳು. ಈ ಸಲ ಪಕ್ಕದ ಮನೆಯವರು ಕಿಟಕಿ ತೆರೆದು ನೋಡುವಷ್ಟು ಗಟ್ಟಿಯಾಗಿ. ಚಪ್ಪಡಿ ದಿಬ್ಬದ ಅಂಚು ದಾಟಿ, ಒಂದು ಕಾಲುಗಲ್ಲಿನ ಮೇಲೆ ಸಾಗಿ, ಇನ್ನೊಂದರ ಮೇಲೆ ಬಂದು ನಿಂತಿತು. ಮೈದುನ ಬಂದು ಹಾರೆಯಲ್ಲಿ ಒಂದೊಂದೇ ತುದಿ ಮೀಟಿ ಹಲಗೆ ಎಳೆದ. ಗೋಡೆಗೆ ಮೊಳೆ ಹೊಡೆದರೂ ಹೆಚ್ಚುಕಡಿಮೆಯಾಗುತ್ತದೆ. ಇದು ಒಂದು ಕೂದಲೆಳೆ ಆಚೀಚೆಯಾಗಲಿಲ್ಲ.

"ನಡುವೆ ಯಾಕೆ ನಿಲ್ಸಿದ್ರಿ? ಏನಾದ್ರೂ ಅಡ್ಡ ಬಂತಾ?" ಎಂದು ಕೇಳಿದ. ಅವನ ಅಂಗೈಯಲ್ಲಿ ಹಗ್ಗದ ಕೆಂಪು ಗೆರೆ ಎದ್ದಿತ್ತು.

"ಬಂತು. ಹೋಯ್ತು" ಎಂದಳು. ಬಾಗಿಲ ಹಿಂದಿನ ಕೈಗವಸು ತಂದು ಅವನ ಕೈಗೆ ಕೊಟ್ಟಳು. "ಇನ್ಮೇಲೆ ಬರಿಗೈಲಿ ಹಗ್ಗ ಹಿಡೀಬೇಡ ಕಣೋ."

ಅವನು ಹೋದ ಮೇಲೆ ಅವಳು ಟೀ ಮಾಡಿಕೊಂಡು ಹಿತ್ತಲಿಗೆ ಬಂದಳು. ಕಲ್ಲಿನ ಒಂದು ತುದಿಗೆ ಕೂತು, ಲೋಟವನ್ನು ನಡುವೆ ಇಟ್ಟಳು. ಬಿಸಿಲು ಇಳಿಯುತ್ತಿತ್ತು. ಒಳಗೆ ನಲ್ಲಿ ತೊಟ್ಟಿಕ್ಕುವುದು ಇಲ್ಲಿಗೆ ಕೇಳುತ್ತಿರಲಿಲ್ಲ. ಕೂಗಿ ಕೂಗಿ ತೆರೆದುಕೊಂಡಿದ್ದ ಗಂಟಲಲ್ಲಿ ಇನ್ನೂ ಒಂದು ಕೂಗು ಉಳಿದಿತ್ತು.

"ಬರಲಿ" ಎಂದಳು, ಮೆಲ್ಲಗೆ.

ಏನೂ ಕದಲಲಿಲ್ಲ. ಕದಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ತುದಿಯ ಜಾಗ ಬಿಟ್ಟೇ, ಟೀ ಆರುವ ತನಕ ಕೂತಿದ್ದಳು.