ಕುರಿ ಕರೆದರೆ ತಿರುಗುತ್ತಾನೆ

ದೇವದುರ್ಗದಲ್ಲಿ ಮಕ್ಕಳ ತಪಾಸಣೆಯ ಶಿಬಿರ ಮುಗಿಸಿ ಬಂದ ಸಹೋದ್ಯೋಗಿ ಸೂಫಿಯಾ ಮೇಜಿನ ಮೇಲೆ ಇಟ್ಟ ಕಡತಗಳಲ್ಲಿ ನಾಲ್ಕನೆಯದನ್ನು ತೆರೆದು ಎರಡು ಸಲ ಓದಿದೆ. ಸಾಬಣ್ಣ, ವಯಸ್ಸು ನಾಲ್ಕೂವರೆ, ತಾಯಿ ನೇತ್ರಾವತಿ. ಮಾತು ಬಂದಿಲ್ಲ. ಆಟಿಸಂ ಇದೆ ಎಂದು ಸೂಫಿಯಾ ಬರೆದಿದ್ದಳು. ಮೊದಲು ಯಾರಿಗಾದರೂ ತೋರಿಸಿದ್ದಿರಾ ಎಂಬ ಪ್ರಶ್ನೆಯ ಮುಂದೆ, ಎರಡು ತುಂಬುವ ಮೊದಲೇ ರಾಯಚೂರಿನ ಮೇಡಂ ಒಬ್ಬರು ಮನೆಗೆ ಬಂದು ನೋಡಿ ಚಿಂತೆ ಬೇಡ ಅಂದಿದ್ದರು ಎಂದಿತ್ತು.

ಆ ಮೇಡಂ ನಾನು.

ತೀರಾ ಚಿಕ್ಕ ಮಕ್ಕಳಲ್ಲಿ ಆಟಿಸಂ ಲಕ್ಷಣಗಳನ್ನು ಬೇಗ ಗುರುತಿಸುವುದು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಿಸಬೇಕು ಎಂದು ಮನೆಯವರಿಗೆ ತೋರಿಸಿಕೊಡುವುದು ನನ್ನ ಸಂಶೋಧನೆ. ಪ್ರಶ್ನಾವಳಿ ಬೇರೆ ಕಡೆಯಿಂದ ಬಂದದ್ದು. ಅದನ್ನು ನಮ್ಮ ಕಡೆಯ ಮನೆಗಳಿಗೆ ಹೊಂದಿಸುವವಳು ನಾನು ಎಂಬ ಸಣ್ಣ ಹೆಮ್ಮೆ ನನಗಿತ್ತು.

ಮಾನ್ವಿಯಿಂದ ಕವಿತಾಳದ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಅವರ ಊರು. ಕುರಿ ಸಾಕುವ ಮನೆ. ಆವತ್ತು ಮಗು ಅಂಗಳದಲ್ಲಿ ಕೂತು ಕಂಬಳಿಯ ಅಂಚಿನ ದಾರ ಎಳೆಯುತ್ತಿತ್ತು. ಹೆಸರು ಕರೆದರೆ ತಿರುಗುತ್ತದೆಯೇ ಎಂದು ನೋಡಬೇಕಿತ್ತು. ಸಾಬಣ್ಣ ಎಂದು ಮೂರು ಸಲ ಕರೆದೆ, ತಿರುಗಲಿಲ್ಲ. ಅಜ್ಜಿ ದುರುಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅದು ತೀರಿಹೋದ ಅವಳ ಗಂಡನ ಹೆಸರು. ಹೆಂಡತಿಯೂ ಸೊಸೆಯೂ ಅದನ್ನು ಬಾಯಿಗೆ ತರುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಮಗು ಬರೀ ‘ಯಪ್ಪಾ’. ಕೇಳಿಯೇ ಇರದ ಹೆಸರಿಗೆ ಮಗು ಹೇಗೆ ತಿರುಗೀತು? ಪ್ರಶ್ನಾವಳಿ ನಮ್ಮ ಮನೆಗಳಿಗೆ ಹೊಂದದ ಜಾಗವೊಂದು ಸಿಕ್ಕಿತೆಂದು ನನಗೆ ಒಳಗೊಳಗೇ ಖುಷಿಯಾಯಿತು. ಮತ್ತೆ ಯಾವುದಕ್ಕೆ ತಿರುಗುತ್ತಾನೆ ಎಂದು ಕೇಳಿದೆ. ದುರುಗಮ್ಮ ತುಟಿಯಿಂದ ಕುರಿ ಕರೆಯುವ ಸದ್ದು ಮಾಡಿದಳು. ಮಗು ಥಟ್ಟನೆ ತಿರುಗಿತು. ನಾನು ‘ತಿರುಗುತ್ತಾನೆ’ ಎಂದು ಗುರುತು ಹಾಕಿದೆ.

ಆಗ ನೇತ್ರಾವತಿ ಹೇಳಿದಳು, “ಕುರಿ ಕರದ್ರ ತಿರಗತಾನ್ರೀ. ನಾ ಯಪ್ಪಾ ಅಂತ ಕರದ್ರ ತಿರಗಂಗಿಲ್ಲ.”

“ಅಜ್ಜನಂಗ ಬಿಡು,” ಅಂದಳು ದುರುಗಮ್ಮ. “ಅವರೂ ಕುರಿ ಮಾತು ಕೇಳತಿದ್ರು, ನನ್ನ ಮಾತಲ್ಲ.”

ನಾವಿಬ್ಬರೂ ನಕ್ಕೆವು. ನೇತ್ರಾವತಿ ನಗಲಿಲ್ಲ. ಅದನ್ನು ನಾನು ನೋಡಿದ್ದೆ. ಹೆಸರಿನ ಪದ್ಧತಿಯ ಬಗ್ಗೆ ಬರೆದುಕೊಳ್ಳುವ ಅವಸರದಲ್ಲಿ ಮತ್ತೆ ಕೇಳಲಿಲ್ಲ. ‘ಸದ್ಯ ಚಿಂತೆ ಬೇಡ’ ಎಂದು ಚೀಟಿ ಕೊಟ್ಟು ಬಂದೆ. ಅನುಮಾನವಿದ್ದ ಮಕ್ಕಳನ್ನು ಮೂರು ತಿಂಗಳಿಗೆ ಮತ್ತೆ ನೋಡಬೇಕೆಂಬ ನಿಯಮವಿತ್ತು. ಗುರುತು ಹಾಕಿದ ಮೇಲೆ ಅನುಮಾನವೆಲ್ಲಿ? ಹೆಸರಿನ ಆ ಟಿಪ್ಪಣಿ ನನ್ನ ಪ್ರಬಂಧದಲ್ಲಿ ಸೇರಿತು. ಓದಿದವರು ಮೆಚ್ಚಿದರು.

ಸೂಫಿಯಾಳ ಕಡತ ನೋಡಿದ ಮರುವಾರ ಮಾನ್ವಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಆ ವಯಸ್ಸಿನಲ್ಲಿ ಹೇಳುವುದು ಕಷ್ಟ. ಲಕ್ಷಣಗಳು ಆಮೇಲೂ ಸ್ಪಷ್ಟವಾಗಬಹುದು. ಎಲ್ಲವೂ ನಿಜ, ಒಂದೊಂದರ ಹಿಂದೆಯೂ ಅಡಗಿಕೊಳ್ಳಲು ನನಗೆ ಜಾಗವಿತ್ತು.

ದುರುಗಮ್ಮ ನೀರು ಕೊಟ್ಟು, ಸೊಸೆಯ ಮೇಲೆ ದೂರು ಹೇಳಿದಳು. ನೀವೇ ಚಲೋ ಅದಾನ ಅಂದ ಮೇಲೂ ಇವಳು ತವರಿಗೆ ಹೋಗಿ ದೇವದುರ್ಗದಾಗ ತೋರಿಸಿ ಬಂದಾಳ ಎಂದು. ಪೆಟ್ಟಿಗೆಯಿಂದ ನನ್ನ ಚೀಟಿ ಬಂತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ದವಾಖಾನೆಗೆ ಹೋಗೋಣ ಎಂದು ನೇತ್ರಾವತಿ ಬಾಯಿ ತೆರೆದಾಗೆಲ್ಲ ಅದು ಹೊರಗೆ ಬರುತ್ತಿತ್ತಂತೆ. ಮೇಡಂಗಿಂತ ಶಾಣ್ಯಾಕಿ ಏನು ನೀನು ಎಂಬ ಮಾತಿನ ಜೊತೆ. ಹುಡುಗ ಗೋಡೆಯ ಬಳಿ ಒಂದು ಹಗ್ಗವನ್ನು ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಯಾರತ್ತಲೂ ನೋಡಲಿಲ್ಲ.

ಜೋಡಿಸಿದ ವಾಕ್ಯಗಳನ್ನು ಬಿಟ್ಟೆ. ತಪ್ಪು ನನ್ನದು ಎಂದೆ.

ನೇತ್ರಾವತಿ ಮಗನ ಕಡೆ ತಿರುಗಿ ಕೇಳಿದಳು, “ಅವಾಗಾ ಹಿಡದಿದ್ರ ಮಾತು ಬರತಿತ್ತೇನ್ರೀ?”

ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದೆ. ಆದರೆ ಅವನಿಗೆ ಏನು ಬೇಕು ಎಂಬುದು ನಿಮಗೆ, ನೀವು ಹೇಳುವುದು ಅವನಿಗೆ, ಇಷ್ಟು ದಿನದಲ್ಲಿ ಸ್ವಲ್ಪವಾದರೂ ತಿಳಿಯುತ್ತಿತ್ತು. ಈಗಲೂ ತಡವಾಗಿ ಹೋಗಿಲ್ಲ, ಪ್ರತಿ ಮಂಗಳವಾರ ನಾನೇ ಬಂದು ತೋರಿಸಿಕೊಡುತ್ತೇನೆ ಎಂದೂ ಹೇಳಿದೆ. ಅವಳು ಚೀಟಿಯನ್ನು ಪ್ಲಾಸ್ಟಿಕ್ಕಿನಿಂದ ತೆಗೆದು, ಮಗುಚಿ, ನನ್ನ ಮುಂದಿಟ್ಟಳು.

“ಆವತ್ತಾ ನಾ ಹೇಳಿದ್ದೆ ಅಂತ ಬರೀರಿ.”

‘ತಾಯಿ ಆವತ್ತೇ ಹೇಳಿದ್ದರು. ನನ್ನ ಗಮನಕ್ಕೆ ಬರಲಿಲ್ಲ’ ಎಂದು ಬರೆದೆ. ಓದಿಕೊಂಡೆ. ಎರಡನೆಯ ವಾಕ್ಯ ಹೊಡೆದುಹಾಕಿ, ‘ನಾನು ಕೇಳಲಿಲ್ಲ’ ಎಂದು ಬರೆದು ಸಹಿ, ತಾರೀಖು ಹಾಕಿದೆ. ಅವಳು ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ಅತ್ತೆಗೂ ಓದಿ ಹೇಳ್ರಿ ಅಂದಳು. ಓದಿದೆ. ದುರುಗಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಹೊರಗೆ ಕುರಿಗಳ ಕಡೆ ಹೋದಳು.

ಚೀಟಿ ಪೆಟ್ಟಿಗೆಗೆ ಹೋಗಲಿಲ್ಲ. ನೇತ್ರಾವತಿ ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಮಂಗಳವಾರ ಎಷ್ಟೊತ್ತಿಗೆ ಎಂದು ಕೇಳಿದಳು. ಹತ್ತಕ್ಕೆ ಎಂದೆ.

ಇನ್ನೊಂದು ಹಾಳೆ ನನ್ನತ್ತ ಸರಿಸಿ, “ಅದನ್ನೂ ಬರೀರಿ,” ಅಂದಳು.